ಮತ್ಸ್ಯನ್ಯಾಯ

ರಾಜನಿಲ್ಲದ ದೇಶದ ದುರವಸ್ಥೆಯನ್ನು ಒಂದೇ ಮಾತಿನಲ್ಲಿ ಹೇಳಬೇಕಾದಾಗ ನಮ್ಮ ಹಿಂದಿನವರು ಅದನ್ನು ‘ಮತ್ಸ್ಯನ್ಯಾಯ’ವೆಂದು ಕರೆದರು. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದು, ಕೇಳುವವರಿಲ್ಲ, ತಡೆಯುವವರಿಲ್ಲ, ಬಲವೇ ಅಲ್ಲಿ ಧರ್ಮ. ಜನರು ಈ ಮತ್ಸ್ಯನ್ಯಾಯದಿಂದ ಬಳಲಿ ವೈವಸ್ವತ ಮನುವನ್ನು ತಮ್ಮ ದೊರೆಯನ್ನಾಗಿ ಮಾಡಿಕೊಂಡರೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹೇಳಿದೆ. ಶತಪಥ ಬ್ರಾಹ್ಮಣದ ಕಥೆಯಲ್ಲಿಯೂ, ಬೆಳಗ್ಗೆ ಕೈತೊಳೆಯುವ ನೀರಿನಲ್ಲಿ ಮನುವಿನ ಕೈಗೆ ಸಿಕ್ಕಿದ ಮರಿಮೀನು ಮೊರೆಯಿಡುವುದು ಇದೇ ಕಾರಣಕ್ಕಾಗಿ: ಚಿಕ್ಕವರಾಗಿರುವ ತನಕ ನಮ್ಮನ್ನು ನಮ್ಮವರೇ ನುಂಗುವರು, ನೀನು ಕಾಪಾಡು ಎಂದು. ಅಂದಿನಿಂದ ಇಂದಿನವರೆಗೆ ನಮ್ಮ ಭಾಷಣಗಳಲ್ಲಿಯೂ ಲೇಖನಗಳಲ್ಲಿಯೂ ಅನ್ಯಾಯಕ್ಕೆ ಉಪಮಾನ ಬೇಕಾದಾಗಲೆಲ್ಲ ಬಡ ಮೀನನ್ನು ಎಳೆದುತರುವುದು ರೂಢಿಯಾಗಿದೆ.

ಈ ಮಾತು ಎಷ್ಟರ ಮಟ್ಟಿಗೆ ನಿಜ? ಮೀನುಗಳ ರಾಜ್ಯದಲ್ಲಿ ನಿಜವಾಗಿಯೂ ಕಟ್ಟುಕಟ್ಟಳೆಯೆಂಬುದಿಲ್ಲವೆ? ಕೆಲವು ವರ್ಷಗಳಿಂದ ಚಳಿಗಾಲದ ಬಿಡುವಿನಲ್ಲಿ ಕುಮಟೆಯ ಕಡೆಗೆ ಹೋಗಿ, ಅಘನಾಶಿನಿ ನದಿಯು ಕಡಲನ್ನು ಸೇರುವಲ್ಲಿನ ಉಪ್ಪುನೀರಿನ ಜೌಗುನೆಲದಲ್ಲಿ ಕೆಲವು ದಿನಗಳನ್ನು ಕಳೆಯುವ ಅಭ್ಯಾಸವನ್ನು ಮಾಡಿಕೊಂಡಿರುವೆನು. ಅಲ್ಲಿ ತಿನ್ನುವವರನ್ನೂ ತಿನ್ನಿಸಿಕೊಳ್ಳುವವರನ್ನೂ ನೋಡುತ್ತ ನೋಡುತ್ತ ನನ್ನಲ್ಲಿ ಮೂಡಿದ ಕೆಲವು ವಿಚಾರಗಳನ್ನು ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ. ಶಿವಮೊಗ್ಗೆಯ ಹೊಸಮನೆಯಲ್ಲಿ ಕುಳಿತವನಿಗೆ ಕಡಲತೀರದ ಕೆಸರಿನ ಯೋಚನೆಯೇಕೆ ಎಂದು ಕೇಳುವವರುಂಟು. ಭದ್ರಾವತಿಯಲ್ಲಿಯೂ ಹೊಸಮನೆಯೆಂಬ ಬಡಾವಣೆಯುಂಟಷ್ಟೆ. ಅಲ್ಲಿನ ಸ್ನೇಹಿತರೊಬ್ಬರು ಇದೇ ಪ್ರಶ್ನೆಯನ್ನು ನಗುತ್ತ ಕೇಳಿದರು. ಆ ಕೆಸರಿಗೂ ನಮ್ಮ ಎರಡು ಹೊಸಮನೆಗಳ ದೀಪಗಳಿಗೂ ಇರುವ ಸಂಬಂಧವನ್ನು ಮುಂದೆ ಹೇಳುವೆನು.

ನಮ್ಮದು ಎರಡು ಕಡಲುಗಳಿಗೆ ನೀರನ್ನು ಕಳುಹಿಸುವ ಜಿಲ್ಲೆ. ತೀರ್ಥಹಳ್ಳಿಯ ಮುಂದೆ ಹರಿಯುವ ತುಂಗೆಯು ಶಿವಮೊಗ್ಗೆಯನ್ನು ಹಾದು, ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಕೃಷ್ಣೆಯೊಡನೆ ಮೂಡಣ ಸಮುದ್ರಕ್ಕೆ ಹೋಗುವಳು. ಅದೇ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯು ಪಡುವಣಕ್ಕೆ ತಿರುಗಿ, ಜೋಗದಲ್ಲಿ 253 ಮೀಟರು ಧುಮುಕಿ, ಹೊನ್ನಾವರದಲ್ಲಿ ಅರಬ್ಬೀ ಸಮುದ್ರವನ್ನು ಸೇರುವಳು. ಶಿವಮೊಗ್ಗೆಯಿಂದ ಸಾಗರ, ತಾಳಗುಪ್ಪಗಳ ಮೇಲೆ ಹೋಗುವ ಹೆದ್ದಾರಿಯು ಘಟ್ಟವನ್ನಿಳಿದು ಗೇರುಸೊಪ್ಪೆಯಲ್ಲಿ ಈ ನದಿಯ ಬಳಿಗೆ ಬಂದು, ಅದರ ಜೊತೆಜೊತೆಗೇ ಹೊನ್ನಾವರವನ್ನು ಮುಟ್ಟುವುದು. ಅಲ್ಲಿಂದ ಬಡಗಣಕ್ಕೆ ಸ್ವಲ್ಪ ದೂರ ಹೋದರೆ ಕುಮಟೆ, ಅದರಾಚೆಗೆ ಅಘನಾಶಿನಿ. ಅಘನಾಶಿನಿಯು ಶಿರಸಿಯ ಕಡೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಬಿದ್ದು, ತದಡಿಯ ಬಳಿ ಕಡಲಿಗೆ ಸೇರುವ ನದಿ. ಈ ನದಿಗೆ ಅಡ್ಡಲಾಗಿ ಇದುವರೆಗೆ ದೊಡ್ಡ ಅಣೆಕಟ್ಟನ್ನು ಕಟ್ಟಿಲ್ಲ. ಒಂದೇ ಮಳೆಯ ಮಕ್ಕಳಾದ ಈ ಎರಡು ನದಿಗಳಲ್ಲಿ ಒಂದನ್ನು ಕಟ್ಟಿದೆ, ಇನ್ನೊಂದನ್ನು ಬಿಟ್ಟಿದೆ. ಆದುದರಿಂದ ಕಲಿಯಬೇಕೆನ್ನುವವನಿಗೆ ಇವು ಪಕ್ಕಪಕ್ಕದಲ್ಲಿ ತೆರೆದಿಟ್ಟ ಎರಡು ಪುಸ್ತಕಗಳಂತೆ ಇವೆ.

ನದಿಯು ಕಡಲಿಗೆ ಸೇರುವ ಅಳಿವೆಯು ನದಿಯೂ ಅಲ್ಲ, ಕಡಲೂ ಅಲ್ಲ. ಕಡಲ ನೀರಿನ ಸಾವಿರ ಭಾಗ ತೂಕದಲ್ಲಿ ಸುಮಾರು 35 ಭಾಗ ಉಪ್ಪಿರುವುದು. ನದಿಯ ನೀರಿನಲ್ಲಿ ಅದು ಇಲ್ಲವೆಂದೇ ಹೇಳಬಹುದು. ಅಳಿವೆಯಲ್ಲಿ ಈ ಎರಡೂ ದಿನಕ್ಕೆ ಎರಡಾವರ್ತಿ ಹೋರಾಡಿ ರಾಜಿಯಾಗುವುವು. ಉಬ್ಬರ ಬಂದಾಗ ಉಪ್ಪುನೀರು ಮೇಲೇರುವುದು. ಇಳಿತದಲ್ಲಿ ಸಿಹಿನೀರು ಅದನ್ನು ಹಿಂದಕ್ಕೆ ತಳ್ಳುವುದು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಉಬ್ಬರವಿಳಿತಗಳೆರಡೂ ಹೆಚ್ಚು; ಅಷ್ಟಮಿಯ ಹೊತ್ತಿಗೆ ಎರಡೂ ಮಂದ. ಇದಲ್ಲದೆ ವರ್ಷದ ಲೆಕ್ಕವೊಂದುಂಟು. ಆಷಾಢ ಶ್ರಾವಣಗಳ ಮಳೆಯಲ್ಲಿ ಅಳಿವೆಯು ಬಹುಮಟ್ಟಿಗೆ ಸಿಹಿಯಾಗುವುದು. ಮಳೆ ನಿಂತು ಹೊಳೆಯು ಸಣ್ಣಗಾದಂತೆ ಉಪ್ಪು ಒಳನಾಡಿನ ಕಡೆಗೆ ಸರಿಯುತ್ತ ಬಂದು, ಬೇಸಗೆಯಲ್ಲಿ ತನ್ನ ಅಧಿಕಾರವನ್ನು ಪೂರ್ಣವಾಗಿ ಸ್ಥಾಪಿಸುವುದು. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಇದೇ ಅಳಿವೆಯ ನೀರನ್ನು ಮಡಿಗಳಿಗೆ ಬಿಟ್ಟು ಬಿಸಿಲಿಗೆ ಒಣಗಿಸಿ ಉಪ್ಪನ್ನು ತೆಗೆಯುವರು. ನದಿಯ ಅಳಿವೆಯಲ್ಲಿ ಕಡಲಿಗೆಷ್ಟು ಹಕ್ಕುಂಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ನೀರಿಳಿದ ಕೆಸರುಬಯಲನ್ನು ನೋಡೋಣ. ದೂರದಿಂದ ನೋಡಿದರೆ ಅದೊಂದು ಬರಡುಭೂಮಿ. ದಂಡೆಯಲ್ಲಿ ಕಾಂಡ್ಲಾ ಗಿಡಗಳು ಬೇರುಗಳನ್ನು ಕಮಾನು ಕಟ್ಟಿಕೊಂಡು ನಿಂತಿರುವುವು. ಅವುಗಳಿಂದಾಚೆಗೆ ಬರಿಯ ಕೆಸರು. ಆದರೆ ಅರ್ಧ ಗಂಟೆ ಅಲುಗದೆ ಕುಳಿತರೆ ಬಯಲು ತಾನಾಗಿ ಜೀವವನ್ನು ತೋರಿಸುವುದು. ಮೊದಲು ಬಿಲಗಳಿಂದ ಸಣ್ಣ ಏಡಿಗಳು ಹೊರಬೀಳುವುವು. ಗಂಡಿಗೆ ಒಂದು ಕೈ ಮಾತ್ರ ಮೈಗಿಂತ ದೊಡ್ಡದು. ಅದನ್ನು ಪಿಟೀಲು ಬಾರಿಸುವವನಂತೆ ಆಡಿಸಿ ಹೆಣ್ಣನ್ನು ಕರೆಯುವುದು, ಎದುರಾಳಿಯನ್ನು ಬೆದರಿಸುವುದು. ಉಣ್ಣುವ ಕೆಲಸಕ್ಕೆ ಆ ಕೈ ಬಾರದು. ಸಣ್ಣ ಕೈಯಿಂದ ಕೆಸರನ್ನು ಬಾಯಿಗಿಟ್ಟು, ಅದರಲ್ಲಿರುವ ಕಣ್ಣಿಗೆ ಕಾಣದ ಪಾಚಿಯನ್ನು ಸೋಸಿಕೊಂಡು, ಉಳಿದುದನ್ನು ಸಣ್ಣ ಉಂಡೆಗಳಾಗಿ ಉಗುಳಿಡುವುದು. ಅದರ ಪಕ್ಕದಲ್ಲಿ ಕೆಸರಿನ ಮೇಲೆ ಕುಪ್ಪಳಿಸುವ ಮೀನು. ನೀರನ್ನು ಬಿಟ್ಟು ನೆಲದ ಮೇಲೆ ಸುಳಿದಾಡುವ ಆ ವಿಚಿತ್ರ ಪ್ರಾಣಿಯನ್ನು ಮೊದಲ ಸಲ ನೋಡಿದವರು ತಮ್ಮ ಕಣ್ಣನ್ನೇ ನಂಬರು. ಕೆಸರಿನೊಳಗೆ ಕಾಣದಂತೆ ಹುದುಗಿಕೊಂಡು ಬಳಚುಗಳು ಕುಳಿತಿರುವುವು. ಎರಡು ಚಿಪ್ಪುಗಳ ನಡುವಣ ಈ ಮೃದುವಾದ ಜೀವಿಯು ನೀರು ಮೇಲಿದ್ದಾಗ ಸಣ್ಣ ನಾಳದಿಂದ ಅದನ್ನು ಒಳಗೆಳೆದು, ತೇಲುವ ಆಹಾರವನ್ನು ಸೋಸಿಕೊಂಡು, ನೀರನ್ನು ತಿಳಿಯಾಗಿಸಿ ಹೊರಬಿಡುವುದು.

ಇವೆಲ್ಲವೂ ಇನ್ನೊಬ್ಬರ ಊಟವೇ. ಇಳಿತದ ಹೊತ್ತು ಹಕ್ಕಿಗಳದು. ಮೇಲೆ ಗರುಡನ ನೆರಳು ಕೆಸರಿನ ಮೇಲೆ ಜಾರಿದೊಡನೆ ಬಯಲೆಲ್ಲ ಒಂದೇ ಕ್ಷಣದಲ್ಲಿ ಬರಿದಾಗುವುದು. ನೂರಾರು ಏಡಿಗಳಲ್ಲಿ ಒಂದಾದರೂ ಹೊರಗುಳಿಯದು. ಗರುಡನು ಏನನ್ನೂ ಹಿಡಿಯದೆ ಹೋದರೂ ಏಡಿಗಳು ಮತ್ತೆ ಹೊರಬರಲು ಕೆಲವು ನಿಮಿಷಗಳು ಬೇಕು. ಅಷ್ಟು ಹೊತ್ತು ಅವಕ್ಕೆ ಊಟವಿಲ್ಲ, ಪಾಚಿಗೆ ಬಿಡುವು. ಬೇಟೆಗಾರನು ಕೊಲ್ಲುವುದರಿಂದ ಮಾತ್ರವೇ ಅಲ್ಲ, ಬರಿಯ ಭಯದಿಂದಲೂ ನೆಲವನ್ನು ಆಳುವನೆಂದು ಈಗಿನ ವಿಜ್ಞಾನಿಗಳು ಹೇಳುವರು. ಆ ಮಾತಿನ ಅರ್ಥವು ನನಗೆ ಸ್ಪಷ್ಟವಾದುದು ಆ ನೆರಳನ್ನು ಕಂಡಾಗ.

ಬಡಗಣ ದೇಶಗಳಿಂದ ಚಳಿಗಾಲಕ್ಕೆ ಬರುವ ನೀಳಕೊಕ್ಕಿನ ಹಕ್ಕಿಗಳ ವಿಷಯವು ಇನ್ನೂ ಕುತೂಹಲಕರವಾದುದು. ಒಂದರ ಕೊಕ್ಕು ಹೆಬ್ಬೆರಳಿನಷ್ಟು, ಇನ್ನೊಂದರದು ಗೇಣುದ್ದ. ಒಂದರದು ನೇರ, ಇನ್ನೊಂದರದು ಬಾಗಿದುದು. ಮೇಲ್ಪದರದ ಹುಳುವು ಸಣ್ಣ ಕೊಕ್ಕಿಗೆ ಸಿಕ್ಕುವುದು; ಆಳದಲ್ಲಿ ಹುದುಗಿದುದು ಉದ್ದ ಕೊಕ್ಕಿಗೆ ಮಾತ್ರ ಎಟಕುವುದು. ಆದುದರಿಂದ ಒಂದೇ ಬಯಲಿನಲ್ಲಿ ಹಲವು ಬಗೆಯ ಹಕ್ಕಿಗಳು ಜಗಳವಿಲ್ಲದೆ ಉಣ್ಣುವುವು. ನೀರು ಮರಳಿ ಏರಿದೊಡನೆ ಹಕ್ಕಿಗಳ ಸರದಿ ಮುಗಿಯುವುದು. ಮೀನುಗಳ ಮತ್ತು ದೊಡ್ಡ ಕೆಸರೇಡಿಗಳ ಸರದಿ ಮೊದಲಾಗುವುದು. ರಾತ್ರಿ ನೀರುನಾಯಿಗಳದು, ಮುಂಜಾನೆ ದಂಡೆಯಲ್ಲಿ ಅವುಗಳ ಹೆಜ್ಜೆಗಳನ್ನೂ ಏಡಿಯ ಚಿಪ್ಪಿನ ಚೂರುಗಳನ್ನೂ ಕಾಣಬಹುದು. ಹೀಗೆ ತಿನ್ನಿಸಿಕೊಳ್ಳುವವನಿಗೆ ಪೂರ್ಣವಾದ ನಿರ್ಭಯವೆಂಬುದು ಯಾವ ಹೊತ್ತಿಗೂ ಇಲ್ಲ. ತಿನ್ನುವವನಿಗೆ ಪೂರ್ಣವಾದ ಅಧಿಕಾರವೂ ಯಾವ ಹೊತ್ತಿಗೂ ಇಲ್ಲ. ಗಡಿಯಾರವು ಚಂದ್ರನ ಕೈಯಲ್ಲಿದೆ.

ಬೇಟೆಗಾರನನ್ನು ತೆಗೆದುಬಿಟ್ಟರೆ ಏನಾದೀತು? ದಯಾಳುಗಳಾದ ನಮಗೆ ತೋಚುವ ಉತ್ತರ, ಬಡ ಜೀವಿಗಳು ಸುಖವಾಗಿ ಬಾಳುವುವು ಎಂಬುದು. ಈ ಪ್ರಶ್ನೆಯನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಜಾರ್ಜಿಯಾ ಸಂಸ್ಥಾನದ ಕರಾವಳಿಯಲ್ಲಿ ಸಪೆಲೋ ಎಂಬ ದ್ವೀಪವುಂಟು. ಅದರ ಸುತ್ತ ಹರಿದಾರಿಗಟ್ಟಲೆ ಉಪ್ಪುನೀರಿನ ಹುಲ್ಲುಗಾವಲು. ಅಲ್ಲಿ ಬಹುಕಾಲ ಅಧ್ಯಯನ ಮಾಡಿದ ಜಾನ್ ಟೀಲ್ ಎಂಬವರು 1962ರಲ್ಲಿ ಆ ಜೌಗಿನ ಜೀವವ್ಯಾಪಾರದ ಲೆಕ್ಕವನ್ನು ಪ್ರಕಟಿಸಿದರು. ಹುಲ್ಲು ಎಷ್ಟು ಬೆಳೆಯುವುದೆಂಬುದನ್ನು ನೆಲದ ಸಾರವೂ ನೀರೂ ನಿರ್ಣಯಿಸುವುವು, ಅದನ್ನು ತಿನ್ನುವ ಪ್ರಾಣಿಗಳ ಪಾತ್ರವು ಅಲ್ಪವೆಂಬುದು ಆಮೇಲೆ ನಾಲ್ಕು ದಶಕಗಳವರೆಗೆ ವಿದ್ವಾಂಸರ ಸಾಮಾನ್ಯವಾದ ಅಭಿಪ್ರಾಯವಾಗಿತ್ತು.

ಆ ಹುಲ್ಲಿನ ಮೇಲೆ ಉಗುರಿನಷ್ಟು ದೊಡ್ಡ ಬಸವನಹುಳುಗಳು ವಾಸಿಸುವುವು. ಅವು ಎಲೆಯನ್ನು ಕೆರೆಯುವುವು. ಗಾಯವಾದಲ್ಲಿ ಬೂಷ್ಟು ಬೆಳೆಯುವುದು. ಬಸವನಹುಳು ಆ ಬೂಷ್ಟನ್ನು ತಿನ್ನುವುದು. ಉಬ್ಬರದ ನೀರಿನೊಡನೆ ನೀಲಿ ಏಡಿಗಳು ಬಂದು ಈ ಹುಳುಗಳನ್ನು ಹಿಡಿಯುವುದರಿಂದ, ನೀರೇರಿದಂತೆ ಹುಳುಗಳು ಹುಲ್ಲಿನ ಕಾಂಡವನ್ನು ಹತ್ತಿ ತುದಿಯಲ್ಲಿ ಕುಳಿತುಕೊಳ್ಳುವುವು. ಬ್ರಯಾನ್ ಸಿಲ್ಲಿಮನ್ ಮತ್ತು ಮಾರ್ಕ್ ಬರ್ಟ್ನೆಸ್ ಎಂಬ ಇಬ್ಬರು ಜೌಗಿನಲ್ಲಿ ಸಣ್ಣ ಚೌಕಗಳನ್ನು ಗುರುತಿಸಿ, ಏಡಿ ಮೊದಲಾದ ಬೇಟೆಗಾರರು ಒಳಬಾರದಂತೆ ಬಲೆಯ ಪಂಜರಗಳನ್ನು ಕಟ್ಟಿದರು. 2002ರಲ್ಲಿ ಅವರು ಪ್ರಕಟಿಸಿದ ಫಲವು ಎಲ್ಲರನ್ನೂ ಬೆರಗುಗೊಳಿಸಿತು. ಬೇಟೆಗಾರರ ಭಯವಿಲ್ಲದಲ್ಲಿ ಬಸವನಹುಳುಗಳು ಮಿತಿಯಿಲ್ಲದೆ ಹೆಚ್ಚಿ, ಎಂಟು ತಿಂಗಳೊಳಗಾಗಿ ಸಮೃದ್ಧವಾದ ಹುಲ್ಲುಗಾವಲು ಬರಿಯ ಕೆಸರಾಯಿತು. ಹುಲ್ಲು ಹೋದ ಮೇಲೆ ಹುಲ್ಲನ್ನೇ ನಂಬಿದ್ದ ಹುಳುವಿಗೆ ನೆಲೆಯೆಲ್ಲಿ?

ಇಂತಹ ಪ್ರಯೋಗಕ್ಕೆ ದೊಡ್ಡ ಯಂತ್ರಗಳೇನೂ ಬೇಡವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಬೇಕಾದುದು ನಾಲ್ಕು ಗೂಟ, ಒಂದಿಷ್ಟು ಬಲೆ, ಮತ್ತು ತಾಳ್ಮೆ. ಒಂದು ಚೌಕಕ್ಕೆ ಪೂರ್ಣ ಪಂಜರ. ಒಂದನ್ನು ತೆರೆದೇ ಬಿಡುವುದು. ಇನ್ನೊಂದಕ್ಕೆ ಒಂದೆರಡು ಕಡೆ ಮಾತ್ರ ಬಲೆ. ಈ ಮೂರನೆಯದು ಏಕೆಂದರೆ, ಬಲೆಯ ನೆರಳಿನಿಂದಲೋ ನೀರಿನ ಓಟವು ಕುಗ್ಗಿದುದರಿಂದಲೋ ಬದಲಾವಣೆಯಾಗಿದ್ದರೆ ಅದನ್ನು ಬೇಟೆಗಾರನ ಲೆಕ್ಕಕ್ಕೆ ಹಾಕಬಾರದಷ್ಟೆ. ಪಂಜರದ ಒಳಗನ್ನೂ ಹೊರಗನ್ನೂ ತಿಂಗಳು ತಿಂಗಳೂ ಎಣಿಸಿ ಬರೆದುಕೊಂಡು ಹೋದರೆ, ಕಣ್ಣಿಗೆ ಕಾಣದ ಸಂಬಂಧವು ಅಂಕಿಗಳಲ್ಲಿ ಕಾಣತೊಡಗುವುದು.

ಇದಕ್ಕೆ ವಿಲೋಮವಾದ ನಿದರ್ಶನವೂ ಉಂಟು. ಕ್ಯಾಲಿಫೋರ್ನಿಯಾದ ಎಲ್ಕ್‌ಹಾರ್ನ್ ಸ್ಲೂ ಎಂಬ ಅಳಿವೆಯಲ್ಲಿ ತುಪ್ಪಳಿನ ಆಸೆಗಾಗಿ ಕಡಲ ನೀರುನಾಯಿಗಳನ್ನು ಹಿಂದೆ ಬೇಟೆಯಾಡಿ ನಿರ್ನಾಮ ಮಾಡಿದ್ದರು. ಅವುಗಳಿಲ್ಲದಾಗ ಏಡಿಗಳು ಹೆಚ್ಚಿ, ದಂಡೆಯ ಗಿಡಗಳ ಬೇರನ್ನು ತಿಂದು, ಬಿಲಗಳನ್ನು ಕೊರೆದು, ದಂಡೆಯು ಕುಸಿಯುವಂತೆ ಮಾಡಿದುವು. ಕಾಯಿದೆಯ ರಕ್ಷಣೆ ದೊರೆತ ಮೇಲೆ 1980ರ ದಶಕದಿಂದ ನೀರುನಾಯಿಗಳು ಅಲ್ಲಿಗೆ ಮರಳಿದುವು. ಅವು ಏಡಿಗಳನ್ನು ತಿನ್ನತೊಡಗಿದ ಕಡೆಗಳಲ್ಲಿ ದಂಡೆಯ ಕುಸಿತವು ಮಂದವಾಯಿತೆಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿರುವುದು. ಮನುಷ್ಯನು ಕಲ್ಲು ಗಾರೆಗಳಿಂದ ಕಟ್ಟಬೇಕಾದ ದಂಡೆಯನ್ನು ನೀರುನಾಯಿಯು ತನ್ನ ಹಸಿವಿನಿಂದಲೇ ಕಾಯ್ದಿತು! ನಮ್ಮ ಭದ್ರೆಯಲ್ಲಿಯೂ ನೀರುನಾಯಿಗಳಿವೆ. ಮೀನನ್ನು ಕದಿಯುವ ಕಳ್ಳನೆಂದು ಅದನ್ನು ಬೈಯುವವರು ಈ ಸಂಗತಿಯನ್ನು ನೆನೆಯಬೇಕು.

ಇಷ್ಟರಿಂದ ಒಂದು ವಿಷಯವು ಸ್ಪಷ್ಟವಾಗುವುದು. ಮೀನಿನ ರಾಜ್ಯದಲ್ಲಿ ನುಂಗುವುದುಂಟು, ಆದರೆ ಅರಾಜಕತೆಯಿಲ್ಲ. ಅಲ್ಲಿ ಅರಾಜಕತೆಯು ಬರುವುದು ನುಂಗುವವನಿಂದಲ್ಲ. ಅವನನ್ನು ಹೊರಗಟ್ಟಿದಾಗ, ಇಲ್ಲವೆ ಅವನನ್ನೂ ಅವನ ಆಹಾರವನ್ನೂ ಒಟ್ಟಿಗೆ ಆಳುವ ಕಟ್ಟಳೆಯನ್ನು ಮುರಿದಾಗ. ಅಳಿವೆಯಲ್ಲಿ ಆ ಕಟ್ಟಳೆಯ ಹೆಸರು ಉಪ್ಪು. ಉಪ್ಪಿನ ಪ್ರಮಾಣವೇ ಯಾವ ಪ್ರಾಣಿಯು ಎಲ್ಲಿಯವರೆಗೆ ಬರಬಹುದೆಂದು ಗೆರೆಯೆಳೆಯುವುದು. ಪೂರ್ಣ ಕಡಲ ನೀರನ್ನೇ ಬಯಸುವ ಬೇಟೆಗಾರರು ಒಳಗೆ ಬಹುದೂರ ಬರಲಾರರು. ಹೊಳೆಯ ಸಿಹಿನೀರಿನ ಮೀನುಗಳು ಕೆಳಗೆ ಬಹುದೂರ ಇಳಿಯಲಾರವು. ಈ ಎರಡು ಗಡಿಗಳ ನಡುವಿನ ನೆಲವೇ ಎಳೆಯ ಮೀನು ಸಿಗಡಿಗಳ ತೊಟ್ಟಿಲು. ಮನುವಿನ ಬಳಿ ಮೊರೆಯಿಟ್ಟ ಮರಿಮೀನಿಗೆ ಗಡಿಗೆಯೊಂದು ಆಶ್ರಯವಾಯಿತೆಂದು ಕಥೆಯಲ್ಲಿದೆ; ಕಡಲಂಚಿನ ಅಸಂಖ್ಯಾತ ಮರಿಗಳಿಗೆ ಅಳಿವೆಯೇ ಆ ಗಡಿಗೆ.

ಮನುಷ್ಯನೂ ಈ ಕೆಸರಿನ ಬೇಟೆಗಾರರಲ್ಲಿ ಒಬ್ಬನು. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಕೆಸರಿಗಿಳಿದು ಬಳಚು ಆರಿಸುವರು. ಗಂಡಸರು ದೋಣಿಯಲ್ಲಿ ಹೋಗಿ ಮುಳುಗಿ ತೆಗೆಯುವರು. ಈ ಶತಮಾನದ ಮೊದಲ ದಶಕದಲ್ಲಿ ವಿದ್ವಾಂಸರು ಲೆಕ್ಕ ಹಾಕಿದಾಗ, ಈ ಒಂದು ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ನು ಚಿಪ್ಪಿನ ಜೀವಿಗಳು ದೊರೆಯುತ್ತಿದ್ದು, ಎರಡು ಸಾವಿರಕ್ಕೂ ಮಿಕ್ಕ ಜನರು ಅದರಿಂದ ನೇರವಾಗಿ ಜೀವನ ಮಾಡುತ್ತಿದ್ದರೆಂದು ಕಂಡುಬಂದಿತು. ಕೆಸರಿನಲ್ಲಿ ಆರಿಸುತ್ತಿದ್ದ ವಯಸ್ಸಾದ ಹೆಂಗಸೊಬ್ಬರನ್ನು, “ಅಮ್ಮಾ, ಚಿಕ್ಕವನ್ನು ಹಾಗೆಯೇ ಬಿಡುವಿರಲ್ಲ, ಏಕೆ?” ಎಂದು ಕೇಳಿದೆನು. “ಅದಕ್ಕೆ ತಿರುಳೆಲ್ಲಿ ಬಂತು ಮಾಸ್ತರೇ? ಬರಿ ಚಿಪ್ಪು ಹೊತ್ತುಕೊಂಡು ಹೋದರೆ ಸೊಂಟಕ್ಕೆ ನೋವು, ನಾಳೆಗೆ ಹಸಿವು” ಎಂದು ನಕ್ಕರು. ಈ ಮಾತಿನಲ್ಲಿ ತ್ಯಾಗದ ಸೋಗಿಲ್ಲ. ಬೆಳ್ಳಕ್ಕಿಗೆ ಕೊಕ್ಕಿನ ಅಳತೆಯು ಮಿತಿಯಾಗಿರುವಂತೆ ಅವರಿಗೆ ಬುಟ್ಟಿಯ ಭಾರವು ಮಿತಿಯಾಗಿರುವುದು. ಆ ಬುಟ್ಟಿಯ ಸ್ಥಾನಕ್ಕೆ ಯಂತ್ರವು ಬಂದರೆ ಈ ಮಿತಿಯೂ ಹೋಗುವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಳಿವೆಯ ಅಂಚಿನ ಗಜನಿ ಗದ್ದೆಗಳ ವ್ಯವಸ್ಥೆಯೂ ಇಂತಹುದೇ. ಮಣ್ಣಿನ ಕಟ್ಟೆ ಹಾಕಿ ಉಬ್ಬರದ ನೀರನ್ನು ತಡೆದು, ಮಳೆಯು ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಎಂಬ ಭತ್ತವನ್ನು ಬಿತ್ತುವರು. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಈ ತಳಿಗೆ ಕುಮಟಾ ತಾಲ್ಲೂಕಿನ ಮಾಣಿಕಟ್ಟೆಯು ಹೆಸರಾದ ಊರು. ಕೊಯ್ಲಾದ ಮೇಲೆ ತೂಬನ್ನು ತೆರೆದು ಉಪ್ಪುನೀರನ್ನು ಬಿಡುವರು. ಕೂಳೆಯ ಕೊಳೆತವನ್ನು ತಿನ್ನಲು ಸಿಗಡಿಯೂ ಮರಿಮೀನೂ ಬರುವುವು. ಅವನ್ನು ತಿನ್ನಲು ದೊಡ್ಡ ಮೀನೂ ಹಕ್ಕಿಗಳೂ ಬರುವುವು. ಎಲ್ಲರ ಹಿಂದೆ ಬಲೆ ಹಿಡಿದ ಮನುಷ್ಯನು ಬರುವನು. ಒಂದೇ ಹೊಲದಲ್ಲಿ ಅನ್ನವೂ ಮೀನೂ ಸರದಿಯ ಮೇಲೆ ಬೆಳೆಯುವುವು. 1970ರ ದಶಕದಲ್ಲಿ ಸರ್ಕಾರವು ಶಾಶ್ವತವಾದ ಕಟ್ಟೆಗಳನ್ನು ಕಟ್ಟಿಸಿತು. ಅನಂತರ ಅನೇಕ ಗಜನಿಗಳು ಬರಿಯ ಸಿಗಡಿಯ ಕೊಳಗಳಾದುವು. ಕೊಳದಲ್ಲಿ ಬೇಟೆಗಾರನಿಗೆ ಪ್ರವೇಶವಿಲ್ಲ. ಸಿಗಡಿಯು ಸುರಕ್ಷಿತವಾಗಿ, ದಟ್ಟವಾಗಿ ಬೆಳೆಯುವುದು. ಆದರೆ 1990ರ ದಶಕದಲ್ಲಿ ಬಿಳಿಚುಕ್ಕೆ ರೋಗವು ದೇಶದ ಕರಾವಳಿಯ ಕೊಳಗಳಿಗೆ ಹಬ್ಬಿದಾಗ, ಆ ದಟ್ಟಣೆಯೇ ರೋಗಕ್ಕೆ ದಾರಿಯಾಯಿತು. ಹೊರಗಿನ ನೀರಿನಲ್ಲಿ ಸೋತುಹೋದ ಸಿಗಡಿಯನ್ನು ಮೀನು ಮೊದಲೇ ನುಂಗಿಬಿಡುವುದು. ಕೊಳದಲ್ಲಿ ಅದು ತನ್ನ ನೆರೆಯವರಿಗೆಲ್ಲ ರೋಗವನ್ನು ಹಂಚಿ ಸಾಯುವುದು.

ಈಗ ದೀಪದ ಮಾತಿಗೆ ಬರುವೆನು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾಯಿತು. ಅದಕ್ಕೂ ಮುನ್ನವೇ ಹಿರೇಭಾಸ್ಕರದಲ್ಲಿ ನೀರನ್ನು ಕಟ್ಟಿ ಜೋಗದ ಬಳಿ ವಿದ್ಯುತ್ತನ್ನು ತೆಗೆಯತೊಡಗಿದ್ದರು. ಶರಾವತಿಯ ದೊಡ್ಡ ವಿದ್ಯುದಾಗಾರದ ಶಕ್ತಿಯು 1,035 ಮೆಗಾವಾಟ್; ಕೆಳಗೆ ಗೇರುಸೊಪ್ಪೆಯಲ್ಲಿ ಮತ್ತೊಂದು ಅಣೆಕಟ್ಟು, ಮತ್ತೊಂದು ವಿದ್ಯುದಾಗಾರ. ಕರ್ನಾಟಕದ ಅಭ್ಯುದಯದಲ್ಲಿ ಇವುಗಳ ಪಾತ್ರವನ್ನು ಅಲ್ಲಗಳೆಯುವವನು ಕೃತಘ್ನನು. ಇದಕ್ಕಾಗಿ ಊರು ಮನೆಗಳನ್ನು ಹಿನ್ನೀರಿಗೆ ಒಪ್ಪಿಸಿ ಬಂದವರ ಕಥೆಯು ನಮ್ಮ ಜಿಲ್ಲೆಯಲ್ಲಿ ತಿಳಿಯದವರಿಗಿಲ್ಲ. ಆದರೆ ಅಣೆಕಟ್ಟಿನ ಹಿಂದೆ ಮುಳುಗಿದವರನ್ನು ನೆನೆಯುವ ನಾವು, ಅದರ ಮುಂದೆ ಸಪ್ಪೆಯಾದವರನ್ನು ನೆನೆಯುವುದಿಲ್ಲ.

ವಿದ್ಯುತ್ತು ವರ್ಷವಿಡೀ ಬೇಕು. ಆದುದರಿಂದ ನೀರನ್ನೂ ವರ್ಷವಿಡೀ ಬಿಡಬೇಕು. ಮಳೆಗಾಲದಲ್ಲಿ ಒಮ್ಮೆಲೇ ಹರಿದುಹೋಗಬೇಕಾದ ಸಿಹಿನೀರು ಬೇಸಗೆಯಲ್ಲಿಯೂ ಯಂತ್ರಗಳನ್ನು ತಿರುಗಿಸಿ ಹೊನ್ನಾವರದ ಅಳಿವೆಗೆ ಇಳಿಯುತ್ತಿರುವುದು. ಬೇಸಗೆಯಲ್ಲಿ ಮೇಲೇರಬೇಕಾದ ಉಪ್ಪನ್ನು ಅದು ಕಡಲಿನ ಕಡೆಗೇ ತಡೆದು ನಿಲ್ಲಿಸುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಅವರ ಸಂಗಡಿಗರು ಉತ್ತರ ಕನ್ನಡದ ಅಳಿವೆಗಳನ್ನು ಹೋಲಿಸಿ ನೋಡಿ, ಶರಾವತಿಯಲ್ಲಿ ಉಪ್ಪು ಕುಗ್ಗಿದುದರಿಂದ ಬಳಚುಗಳೂ ಅಳಿವೆಯ ಮೀನಿನ ಬಗೆಗಳೂ ಕುಗ್ಗಿದುವೆಂದೂ, ಕಾಂಡ್ಲಾ ವನದಲ್ಲಿ ಉಪ್ಪನ್ನು ಹೆಚ್ಚಾಗಿ ಬಯಸುವ ಗಿಡಗಳಿಗೆ ಬದಲು ಸಿಹಿನೀರಿಗೆ ಒಗ್ಗುವ ಗಿಡಗಳು ಮುಂದಾಗಿವೆಯೆಂದೂ ತೋರಿಸಿರುವರು. ಪಕ್ಕದ ಅಘನಾಶಿನಿಯಲ್ಲಿ ಬಳಚಿನ ಸಮೃದ್ಧಿ. ಶರಾವತಿಯಲ್ಲಿ ಅದರ ಅಭಾವ. ಮಳೆ ಒಂದೇ, ಕಡಲೊಂದೇ, ಜನರೂ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸವಾದುದು ಉಪ್ಪು ಮಾತ್ರ.

ಇದರಲ್ಲಿ ವಿಚಾರಿಸಬೇಕಾದ ಸೂಕ್ಷ್ಮವೊಂದುಂಟು. ಶರಾವತಿಯ ಬಳಚನ್ನು ಯಾರೂ ತಿಂದು ಮುಗಿಸಲಿಲ್ಲ. ಹಕ್ಕಿಯು ತಿಂದಿದ್ದರೆ ಹಕ್ಕಿಯಾದರೂ ಬೆಳೆಯುತ್ತಿತ್ತು. ಮನುಷ್ಯನು ತಿಂದಿದ್ದರೆ ಒಂದು ಮನೆಯಲ್ಲಿ ಅಂದಿನ ಅಡಿಗೆಯಾದರೂ ಆಗುತ್ತಿತ್ತು. ಇಲ್ಲಿ ತಿನ್ನುವವನೇ ಇಲ್ಲದೆ ತಿನ್ನಿಸಿಕೊಳ್ಳುವವನು ಹೋದನು. ಅವನ ಹಿಂದೆ ಅವನನ್ನು ನಂಬಿದ ಬೇಟೆಗಾರರೂ ಹೋದರು, ಬುಟ್ಟಿ ಹಿಡಿದವರೂ ಹೋದರು. ನೂರು ಮೈಲಿ ದೂರದಲ್ಲಿ ಗುಂಡಿಯೊತ್ತಿ ದೀಪ ಹಚ್ಚಿದವನಿಗೆ ಬಳಚಿನ ಮೇಲೆ ಹಸಿವೂ ಇಲ್ಲ, ಹಗೆಯೂ ಇಲ್ಲ. ಅದರ ಹೆಸರನ್ನು ಕೂಡ ಅವನು ಕೇಳಿರಲಾರನು. ಹಸಿವಿಗೆ ಮಿತಿಯುಂಟು, ಕೊಕ್ಕಿಗೆ ಉದ್ದವುಂಟು, ಉಬ್ಬರಕ್ಕೆ ಹೊತ್ತುಂಟು. ತಾನು ಕೊಲ್ಲುವುದನ್ನು ತಾನೇ ಅರಿಯದವನಿಗೆ ಯಾವ ಮಿತಿಯುಂಟು? ಬೇಟೆಗಾರನಾದರೂ ತನ್ನ ಬೇಟೆಯನ್ನು ನೋಡುವನು, ಅದು ಕಡಿಮೆಯಾದರೆ ತಾನೂ ಸೊರಗುವನು. ನಾವು ಸೊರಗುವುದಿಲ್ಲ. ಹಳಬರು ಹೆದರಿದ ಅರಾಜಕತೆಯು ಮೀನಿನಲ್ಲಿಲ್ಲ, ಈ ಕಾಣದಿರುವಿಕೆಯಲ್ಲಿದೆ.

ಹಾಗೆಂದು ದೀಪಗಳನ್ನು ಆರಿಸಿ ಕತ್ತಲೆಯಲ್ಲಿ ಕುಳಿತುಕೊಳ್ಳೋಣವೆಂದು ನಾನು ಹೇಳುವುದಿಲ್ಲ. ಹೇಳಿದರೂ ನಡೆಯುವ ಮಾತಲ್ಲ. ಆದರೆ ಅಣೆಕಟ್ಟಿನ ಲೆಕ್ಕವನ್ನು ಬರೆಯುವಾಗ ಮುಳುಗಿದ ಎಕರೆ, ಉತ್ಪನ್ನವಾದ ವಿದ್ಯುತ್ತು ಎಂಬ ಎರಡು ಕಲಮುಗಳೊಡನೆ ಅಳಿವೆಯ ಉಪ್ಪು ಎಂಬ ಮೂರನೆಯ ಕಲಮೂ ಇರತಕ್ಕದ್ದು. ನೀರನ್ನು ಯಾವ ತಿಂಗಳಲ್ಲಿ ಎಷ್ಟು ಬಿಡಬೇಕೆಂಬ ವಿಚಾರದಲ್ಲಿ ಯಂತ್ರದ ಅಭಿಪ್ರಾಯದೊಡನೆ ಹೊನ್ನಾವರದ ಮೀನುಗಾರರ ಅಭಿಪ್ರಾಯವನ್ನೂ ಕೇಳತಕ್ಕದ್ದು. ಪಶ್ಚಿಮಕ್ಕೆ ಹರಿಯುವ ನದಿಯ ನೀರು ಕಡಲಿಗೆ ಸೇರಿ ವ್ಯರ್ಥವಾಗುತ್ತಿದೆಯೆಂಬ ಮಾತು ನಮ್ಮ ಸಭೆಗಳಲ್ಲಿ ಆಗಾಗ್ಗೆ ಕೇಳಿಬರುವುದಷ್ಟೆ. ಕಡಲಿಗೆ ಸೇರುವ ನೀರು ಅಲ್ಲಿ ಏನು ಕೆಲಸವನ್ನು ಮಾಡುತ್ತಿದೆಯೆಂದು ನೋಡದವರು ಆಡುವ ಮಾತು ಅದು.

ಅಘನಾಶಿನಿಯ ಅಳಿವೆಯ 4,801 ಹೆಕ್ಟೇರು ಪ್ರದೇಶವನ್ನು 2024ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿಸಿರುವರು. ಜೌಗುನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವಿದು. ಗೌರವವು ದೊಡ್ಡದು. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಉಪ್ಪು ನಿಲ್ಲದು. ಅದು ನಿಲ್ಲಬೇಕಾದರೆ ಮೇಲಿನ ನದಿಯು ಹರಿಯುವಂತೆ ಹರಿಯುತ್ತಿರಬೇಕು, ಮಳೆಗಾಲದಲ್ಲಿ ತುಂಬಿ, ಬೇಸಗೆಯಲ್ಲಿ ಬಡವಾಗಿ. ಅಳಿವೆಯನ್ನು ಕಾಯುವ ಕೆಲಸವು ಘಟ್ಟದ ಮೇಲೆ ಮೊದಲಾಗುವುದು, ಎಂದರೆ ನಮ್ಮಂತಹವರ ನಡುವೆ.

ನಮ್ಮ ಶಾಲೆಗಳ ಮಕ್ಕಳನ್ನು ಪ್ರವಾಸಕ್ಕೆಂದು ಜೋಗಕ್ಕೆ ಕರೆದೊಯ್ಯುವರು. ಬೀಳುವ ನೀರನ್ನು ನೋಡಿ ಅವರು ಕುಣಿದಾಡುವರು, ಅದು ಸಹಜ. ಅಲ್ಲಿಂದ ಇನ್ನೊಂದೆರಡು ಗಂಟೆಯ ಹಾದಿ ಘಟ್ಟವನ್ನಿಳಿಸಿ, ಒಂದು ದಿನ ಹೊನ್ನಾವರದ ಅಳಿವೆಯನ್ನೂ ಮರುದಿನ ಅಘನಾಶಿನಿಯ ಅಳಿವೆಯನ್ನೂ ಇಳಿತದ ಹೊತ್ತಿನಲ್ಲಿ ತೋರಿಸಬೇಕೆಂದು ಉಪಾಧ್ಯಾಯರನ್ನು ಬೇಡುವೆನು. ಒಂದೊಂದು ಚೌಕವನ್ನು ಗೆರೆಯೆಳೆದು, ಎರಡು ಕಡೆಯೂ ಬಳಚನ್ನು ಎಣಿಸಿ ಬರೆದುಕೊಳ್ಳಲಿ. ಅಲ್ಲಿನ ನೀರಿನ ಒಂದು ಹನಿಯನ್ನು ನಾಲಿಗೆಯ ಮೇಲಿಟ್ಟು ನೋಡಲಿ. ಬೇಟೆಯೆಂದರೇನು, ನ್ಯಾಯವೆಂದರೇನು ಎಂದು ಅವರಿಗೆ ಬೇರೆ ಉಪನ್ಯಾಸವನ್ನು ಕೊಡಬೇಕಾಗಿಲ್ಲ. ಆ ಎರಡು ಹನಿಗಳ ರುಚಿಯಲ್ಲಿರುವ ವ್ಯತ್ಯಾಸವು ಏತರಿಂದ ಬಂದಿತೆಂದು ಕೇಳಿದರೆ ಸಾಕು.